ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಕಳೆದ ವರ್ಷ ಮುಖ್ಯ ಶಿಕ್ಷಕಿಯಾಗಿ ಬಂದೆ. ಹಿಂದಿದ್ದವರು ಬಹಳ ಕಟ್ಟುನಿಟ್ಟು, ಅವರ ಮಾತೇ ಕೊನೆ. ನಾನು ಹಾಗಿರಬಾರದೆಂದು ಪ್ರತಿಯೊಂದಕ್ಕೂ ಶಿಕ್ಷಕರ ಸಭೆ ಕರೆದು ಅಭಿಪ್ರಾಯ ಕೇಳುತ್ತೇನೆ. ‘ನೀವ್ ಹೇಳ್ದಂಗೇ ಆಗ್ಲಿ ಮೇಡಂ’ ಅನ್ನುತ್ತಾರೆ, ಆಚೆ ಹೋಗಿ ಗೊಣಗುತ್ತಾರೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಪೋಷಕರೇ ಬರುವುದಿಲ್ಲ. ಮೊನ್ನೆ ಹಿರಿಯ ಶಿಕ್ಷಕರೊಬ್ಬರು ‘ಹಿಂದಿನ ಸಾರ್ ಇದ್ದಾಗ ಸ್ಕೂಲು ಒಂದು ಶಿಸ್ತಲ್ಲಿತ್ತು’ ಅಂದುಬಿಟ್ಟರು. ನಮ್ಮ ಯಜಮಾನರು ಊರಿನ ಹಾಲು ಉತ್ಪಾದಕರ ಸಂಘದ ಅಧ್ಯಕ್ಷರು, ಅವರದೂ ಇದೇ ಗೋಳು. ಪ್ರಜಾಸತ್ತಾತ್ಮಕ ನಾಯಕತ್ವ ನಮ್ಮ ಜನಕ್ಕೆ ಒಗ್ಗುವುದೇ ಇಲ್ಲವೇ? ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು? ಮಕ್ಕಳ ಶಾಲಾ ಸಂಸತ್ತಿಗೆ ಎಷ್ಟು ಅಧಿಕಾರ ಕೊಡಬಹುದು?

ಉತ್ತರ: ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಇಷ್ಟು ಬೇಗ ಬರಬೇಡಿ ಮೇಡಂ. ನಿಮ್ಮ ಶಿಕ್ಷಕರು ಸುಮ್ಮನಿರುವುದು ಸ್ವಭಾವದಿಂದಲ್ಲ, ಅನುಭವದಿಂದ. ಹಿಂದಿನ ಕಾಲದಲ್ಲಿ ಎದುರಾಡಿದವರಿಗೆ ಏನಾಯಿತೆಂದು ಅವರು ಕಣ್ಣಾರೆ ಕಂಡಿದ್ದಾರೆ. ಈಗ ನೀವು ಕೇಳುತ್ತೀರಿ, ನಿಜ. ಆದರೆ ಹೇಳಿದ ಮಾತಿಗೆ ಬೆಲೆ ಎಷ್ಟು, ಕೊನೆಯ ತೀರ್ಮಾನ ಯಾರದು, ನಾಳೆ ಎಡವಟ್ಟಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮುಂದೆ ನಿಲ್ಲುವವರು ಯಾರು ಎಂಬುದು ಅವರಿಗೆ ಗೊತ್ತಿಲ್ಲ. ಇಷ್ಟು ಗೊತ್ತಿಲ್ಲದೆ ಬಾಯಿ ಬಿಡುವವರು ದಡ್ಡರು. ನಿಮ್ಮ ಶಿಕ್ಷಕರು ದಡ್ಡರಲ್ಲ.

ತರಬೇತಿಗೆಂದು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಓಡಾಡುವಾಗ ಶಾಲೆಗಳ ನಡಾವಳಿ ಪುಸ್ತಕ ಕೇಳಿ ತಿರುವಿ ಹಾಕುವುದು ನನ್ನ ಅಭ್ಯಾಸ. ಶಾಲೆ ಹೇಗೆ ನಡೆಯುತ್ತದೆ ಎನ್ನುವುದು ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ಮೇಲೆ ದಿನಾಂಕ, ಕೆಳಗೆ ಹಾಜರಿದ್ದವರ ಕ್ರಮಸಂಖ್ಯೆ, ಅದರ ಕೆಳಗೆ ‘ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’. ಒಂದು ಪುಸ್ತಕದಲ್ಲಿ ಆರು ಸಹಿಗೆ ಜಾಗ ಬಿಟ್ಟು ತೀರ್ಮಾನ ಬರೆದಿದ್ದರು, ಏಳನೆಯವರ ಸಹಿ ಅಂಚಿನಲ್ಲಿ ಅಡ್ಡಡ್ಡ ಇತ್ತು. ಅಂದರೆ ಸಭೆಗೆ ಮೊದಲೇ ತೀರ್ಮಾನ ಬರೆದಾಗಿತ್ತು, ಎಷ್ಟು ಜನ ಬರುತ್ತಾರೆ ಎನ್ನುವುದೊಂದೇ ಗೊತ್ತಿರಲಿಲ್ಲ. ವರ್ಷಗಟ್ಟಲೆ ತಿರುವಿದರೂ ಎಲ್ಲಿಯೂ ಒಂದು ‘ಬೇಡ’ ಸಿಗುವುದಿಲ್ಲ. ವೇದಿಕೆ ಹತ್ತಿದರೆ ನಾವೆಲ್ಲ ಅನುಭವ ಮಂಟಪದ ಹೆಸರು ಹೇಳುವವರೇ; ಕೆಳಗಿಳಿದ ಮೇಲೆ ನಡಾವಳಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತೇವೆ. ನಿಮ್ಮ ಶಾಲೆಯ ಹಳೆಯ ಪುಸ್ತಕವನ್ನೂ ಒಮ್ಮೆ ತೆಗೆದು ನೋಡಿ. ಎಷ್ಟು ವರ್ಷದ ಮೌನವನ್ನು ನೀವು ಒಂದು ವರ್ಷದಲ್ಲಿ ಒಡೆಯಲು ಹೊರಟಿದ್ದೀರಿ ಎಂದು ಅಂದಾಜು ಸಿಗುತ್ತದೆ.

ಇನ್ನು ಆ ಹಿರಿಯ ಶಿಕ್ಷಕರ ಮಾತು. ಅವರ ಮೇಲೆ ಸಿಟ್ಟಾಗಬೇಡಿ, ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಯಾವ ಅರ್ಧ ಎನ್ನುವುದಕ್ಕೆ ಈ ವಿಷಯದಲ್ಲಿ ಎಲ್ಲರೂ ಮೊದಲು ಹೆಸರಿಸುವ ಪ್ರಯೋಗವೊಂದನ್ನು ನೋಡೋಣ. ಹಿಟ್ಲರನ ಜರ್ಮನಿ ಬಿಟ್ಟು 1933ರಲ್ಲಿ ಅಮೆರಿಕಕ್ಕೆ ಹೋದ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ, ತನ್ನ ಶಿಷ್ಯ ರೊನಾಲ್ಡ್ ಲಿಪಿಟ್ ಮತ್ತು ಸಹೋದ್ಯೋಗಿ ರಾಲ್ಫ್ ವೈಟ್ ಜೊತೆ ಅಯೋವಾದಲ್ಲಿ ಇದನ್ನು ಮಾಡಿದ. ಹತ್ತು-ಹನ್ನೊಂದು ವರ್ಷದ ಹುಡುಗರನ್ನು ಐದೈದು ಜನರ ಕ್ಲಬ್ಬುಗಳಾಗಿ ಮಾಡಿ, ಮುಖವಾಡ ತಯಾರಿಸುವಂಥ ಕೆಲಸ ಕೊಟ್ಟು, ಕೆಲವು ವಾರಗಳಿಗೊಮ್ಮೆ ನಾಯಕನನ್ನು ಬದಲಿಸಿದರು. ಒಬ್ಬ ನಾಯಕ ಎಲ್ಲವನ್ನೂ ತಾನೇ ಹೇಳಿ ಮಾಡಿಸುವವನು. ಇನ್ನೊಬ್ಬ ಹುಡುಗರ ಜೊತೆ ಕೂತು ಯೋಜನೆ ಹಾಕುವವನು, ಕೆಲಸದ ಹಂತಗಳನ್ನು ವಿವರಿಸುವವನು, ಯಾರ ಜೊತೆ ಯಾರು ಮಾಡಬೇಕೆಂಬುದನ್ನು ಅವರಿಗೇ ಬಿಡುವವನು. ಮೂರನೆಯ ಬಗೆ ಆಮೇಲೆ ಸೇರಿದ್ದು: ಸಾಮಾನು ಮುಂದಿಟ್ಟು, ಕೇಳಿದರೆ ಮಾತ್ರ ಉತ್ತರ ಹೇಳಿ, ಉಳಿದದ್ದಕ್ಕೆಲ್ಲ ಕೈಕಟ್ಟಿ ಕೂರುವ ನಾಯಕ. ಫಲಿತಾಂಶ 1939ರಲ್ಲಿ ಪ್ರಕಟವಾಯಿತು.

ಈ ಪ್ರಯೋಗದ ಬಗ್ಗೆ ಬಿ.ಇಡಿ. ನೋಟ್ಸಿನಲ್ಲಿ ‘ಪ್ರಜಾಸತ್ತಾತ್ಮಕ ನಾಯಕತ್ವವೇ ಶ್ರೇಷ್ಠ’ ಎಂದು ಒಂದು ಸಾಲು ಬರೆದು ಮುಗಿಸಿಬಿಡುತ್ತಾರೆ. ಒಳಗಿರುವ ಲೆಕ್ಕ ಅದಕ್ಕಿಂತ ಸ್ವಾರಸ್ಯ. ಗದರುವ ನಾಯಕನಿಗೆ ತಲೆಬಾಗಿದ ಗುಂಪುಗಳಲ್ಲಿ, ಅವನು ಕೋಣೆಯಲ್ಲಿರುವಾಗ ಶೇ. 74ರಷ್ಟು ಸಮಯ ಕೆಲಸವೇ ನಡೆಯುತ್ತಿತ್ತು. ಅವನು ಆಚೆ ಹೋದ ಕೂಡಲೇ ಅದು ಶೇ. 29ಕ್ಕೆ ಇಳಿಯುತ್ತಿತ್ತು. ಪ್ರಜಾಸತ್ತಾತ್ಮಕ ಗುಂಪಿನಲ್ಲಿ ನಾಯಕ ಇದ್ದಾಗ ಶೇ. 50, ಇಲ್ಲದಾಗ ಶೇ. 46. ಹಿಂದಿನ ಸಾರ್ ಕಾಲದಲ್ಲಿ ಶಿಸ್ತಿತ್ತು ಎನ್ನುವವರು ನೋಡಿದ್ದು ಆ 74ನ್ನು, ಅದು ಸುಳ್ಳಲ್ಲ. ಆ ಸಾರ್ ತಾಲ್ಲೂಕು ಮೀಟಿಂಗಿಗೆ ಹೋದ ದಿನ ಶಾಲೆ ಹೇಗಿರುತ್ತಿತ್ತು ಎಂದು ಅವರನ್ನೇ ಒಮ್ಮೆ ಕೇಳಿ, ನಗುತ್ತಾರೆ.

ನಿಮಗೆ ನೇರವಾಗಿ ತಟ್ಟಬೇಕಾದದ್ದು ಮೂರನೆಯ ಬಗೆ. ಕೈಕಟ್ಟಿ ಕೂತ ನಾಯಕನ ಗುಂಪಿನಲ್ಲಿ ಅವನಿದ್ದಾಗ ಕೆಲಸ ಶೇ. 33, ಅವನಿಲ್ಲದಾಗ ಶೇ. 49! ಅವನು ಎದ್ದುಹೋದ ಮೇಲೆ ಹುಡುಗರಲ್ಲೇ ಒಬ್ಬ ಮುಂದೆ ಬಂದು ‘ಬನ್ರೋ ಮಾಡೋಣ’ ಅನ್ನುತ್ತಿದ್ದ. ಕುರ್ಚಿಯಲ್ಲಿ ಕೂತು ಏನೂ ಹೇಳದ ಮುಖ್ಯಸ್ಥ ಇನ್ನೊಬ್ಬರು ಮುಂದೆ ಬರುವುದನ್ನೂ ತಡೆಯುತ್ತಾನೆ. ನೀವು ಕೈಕಟ್ಟಿ ಕೂತವರಲ್ಲ, ನಿಮ್ಮ ಪತ್ರವೇ ಅದಕ್ಕೆ ಸಾಕ್ಷಿ. ಆದರೆ ಪ್ರತಿಯೊಂದಕ್ಕೂ ‘ನೀವೇನಂತೀರಿ, ನೀವೇನಂತೀರಿ’ ಎಂದು ಕೇಳಿ ತೀರ್ಮಾನ ಹೇಳದೆ ಎದ್ದುಹೋದರೆ, ಕೂತವರ ಕಣ್ಣಿಗೆ ನೀವು ಆ ಮೂರನೆಯ ನಾಯಕನಂತೆಯೇ ಕಾಣುತ್ತೀರಿ. ಹಿರಿಯ ಶಿಕ್ಷಕರು ಕೇಳುತ್ತಿರುವುದು ಗದರಿಕೆಯನ್ನಲ್ಲ, ಒಂದು ಖಚಿತತೆಯನ್ನು.

ಹಾಗಾಗಿ ನನ್ನ ಮುಖ್ಯ ಸಲಹೆ ಇದು: ಅಭಿಪ್ರಾಯ ಕೇಳುವ ಮೊದಲು ಈ ವಿಷಯದ ತೀರ್ಮಾನ ಯಾರದು ಎಂದು ಬಾಯಿಬಿಟ್ಟು ಹೇಳಿ. ನಾನು ಕಂಡಂತೆ, ಸಭೆಯ ಮೌನಕ್ಕೆ ಇದಕ್ಕಿಂತ ದೊಡ್ಡ ಮದ್ದಿಲ್ಲ.

ಕೆಲವು ವಿಷಯ ನಿಮ್ಮದೇ. ಜುಲೈ ಮಳೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಳ್ಳ ಏರುತ್ತಿದೆ, ಆಚೆ ದಡದ ಮಕ್ಕಳನ್ನು ಬೇಗ ಕಳಿಸಬೇಕೇ, ಇಲ್ಲೇ ಇರಿಸಿಕೊಂಡು ಪೋಷಕರಿಗೆ ಫೋನ್ ಮಾಡಬೇಕೇ? ಅದಕ್ಕೆ ಸಭೆ ಕರೆಯುವವರು ಮುಖ್ಯ ಶಿಕ್ಷಕರಲ್ಲ. ತೀರ್ಮಾನಿಸಿ, ಹೇಳಿ, ಜವಾಬ್ದಾರಿ ಹೊರಿ. ಬಿಇಒ ಕಚೇರಿಗೆ ಸಂಜೆಯೊಳಗೆ ಹೋಗಬೇಕಾದ ಮಾಹಿತಿಯೂ ಅಷ್ಟೆ. ಯಾರು ಟೈಪ್ ಮಾಡುತ್ತಾರೆ ಎಂದು ಚರ್ಚಿಸಬಹುದು, ಕಳಿಸಬೇಕೋ ಬೇಡವೋ ಎಂದಲ್ಲ.

ಕೆಲವು ವಿಷಯಗಳಲ್ಲಿ ಕೇಳುವುದು ಎಲ್ಲರನ್ನೂ, ತೀರ್ಮಾನ ಮಾತ್ರ ನಿಮ್ಮದು. ತರಗತಿ ಹಂಚಿಕೆ, ವೇಳಾಪಟ್ಟಿ, ನಲಿಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಪಾಠ) ಯಾರಿಗೆ, ಏಳನೇ ತರಗತಿ ಗಣಿತ ಯಾರಿಗೆ ಇತ್ಯಾದಿ. ಇಲ್ಲಿ ಎಲ್ಲರಿಗೂ ಸ್ವಂತ ಹಿತ ಇರುತ್ತದೆ, ಮತಕ್ಕೆ ಹಾಕಿದರೆ ಹೊಸದಾಗಿ ಬಂದವರ ತಲೆಗೆ ಕಷ್ಟದ ಕ್ಲಾಸು ಕಟ್ಟುತ್ತಾರೆ. ‘ಎಲ್ಲರ ಮಾತೂ ಕೇಳುತ್ತೇನೆ, ಶುಕ್ರವಾರ ನಾನೇ ತೀರ್ಮಾನ ಹೇಳುತ್ತೇನೆ, ಯಾಕೆ ಹಾಗೆ ಎಂದೂ ಹೇಳುತ್ತೇನೆ’ ಎಂದು ಮೊದಲೇ ತಿಳಿಸಿ. ಆ ‘ಯಾಕೆ’ ತಪ್ಪಿಸಬೇಡಿ. ತನ್ನ ಸಲಹೆ ಬಿದ್ದುಹೋದರೂ ಯಾಕೆ ಬಿತ್ತು ಎಂದು ತಿಳಿದವರು ಇನ್ನೊಮ್ಮೆ ಮಾತಾಡುತ್ತಾರೆ. ಸಲಹೆ ಎಲ್ಲಿ ಹೋಯಿತೆಂದೇ ತಿಳಿಯದವರು ಮಾತಾಡುವುದಿಲ್ಲ.

ಉಳಿದವನ್ನು ನಿಜವಾಗಿ ಅವರಿಗೇ ಬಿಟ್ಟುಬಿಡಿ. ವಾರ್ಷಿಕೋತ್ಸವದ ಕಾರ್ಯಕ್ರಮ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವ ಹಂಚಿಕೆ, ಶೈಕ್ಷಣಿಕ ಪ್ರವಾಸ ಎಲ್ಲಿಗೆ, ಊಟದ ಹೊತ್ತಿನ ಡ್ಯೂಟಿ ಪಾಳಿ. ‘ನೀವು ಏನು ತೀರ್ಮಾನಿಸಿದರೂ ನಾನು ಒಪ್ಪುತ್ತೇನೆ’ ಎಂದ ಮೇಲೆ ಒಪ್ಪಲೇಬೇಕು. ಪ್ರವಾಸಕ್ಕೆ ಬೇಲೂರು-ಹಳೇಬೀಡು ಎಂದು ಅವರು ಹೇಳಿದಾಗ ‘ಪ್ರತಿ ವರ್ಷ ಅದೇನಾ, ಶ್ರವಣಬೆಳಗೊಳ ಆಗಲ್ವಾ’ ಎಂದು ನೀವು ಬಾಯಿ ಹಾಕಿದಿರೋ, ಮುಂದಿನ ಮೂರು ವರ್ಷ ಆ ಕೋಣೆಯಲ್ಲಿ ಯಾರೂ ತುಟಿ ಪಿಟಿಕ್ಕೆನ್ನುವುದಿಲ್ಲ. ಇಷ್ಟವಿಲ್ಲದ ತೀರ್ಮಾನವೊಂದನ್ನು ಮುಖ್ಯಸ್ಥರು ಒಪ್ಪಿ ನಡೆಸಿದ್ದನ್ನು ಒಮ್ಮೆ ಕಂಡರೆ ಸಾಕು, ಜನ ನಂಬುತ್ತಾರೆ.

ಯಾವ ವಿಷಯ ಯಾವ ಗುಂಪಿಗೆ ಎನ್ನುವುದಕ್ಕೆ ವಿಕ್ಟರ್ ವ್ರೂಮ್, ಫಿಲಿಪ್ ಯೆಟ್ಟನ್ ಎಂಬ ಇಬ್ಬರು 1973ರಲ್ಲಿ ಒಂದು ಪ್ರಶ್ನಾವಳಿಯನ್ನೇ ಮಾಡಿಟ್ಟಿದ್ದಾರೆ. ಅದರ ತಿರುಳಿಷ್ಟೆ: ತೀರ್ಮಾನಕ್ಕೆ ಬೇಕಾದ ಮಾಹಿತಿ ನನ್ನೊಬ್ಬಳ ಹತ್ತಿರ ಇದೆಯೇ? ಅವರು ಮನಸ್ಸಿಟ್ಟು ಮಾಡದಿದ್ದರೆ ಈ ತೀರ್ಮಾನ ನಡೆಯುತ್ತದೆಯೇ? ಶಾಲೆಯ ಹಿತವೇ ಅವರ ಹಿತವೂ ಆಗಿದೆಯೇ? ನಲಿಕಲಿ ಕೊಠಡಿಯಲ್ಲಿ ಏನು ಕಷ್ಟ ಎನ್ನುವುದು ಅಲ್ಲಿ ಪಾಠ ಮಾಡುವವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಹಾಗಾದರೆ ಕೇಳದೆ ತೀರ್ಮಾನಿಸುವುದು ಮೂರ್ಖತನ. ಡ್ಯೂಟಿ ಪಾಳಿಯಲ್ಲಿ ಮನಸ್ಸಿಲ್ಲದವರನ್ನು ನಿಲ್ಲಿಸಿದರೆ ಅವರು ನಿಂತಿರುತ್ತಾರೆ, ನೋಡುತ್ತಿರುವುದಿಲ್ಲ.

ಬಾಯಿ ಬಿಡಿಸುವ ಉಪಾಯಗಳು ಕೆಲವಿವೆ, ದೊಡ್ಡ ವಿದ್ಯೆಯೇನಲ್ಲ. ವಿಷಯವನ್ನು ಹಿಂದಿನ ದಿನವೇ ಸ್ಟಾಫ್ ರೂಮಿನ ಬೋರ್ಡಿನಲ್ಲಿ ಬರೆಯಿರಿ. ಸಭೆಯಲ್ಲಿ ಮೊದಲ ಐದು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯಲಿ, ಆಮೇಲೆ ಓದಲಿ. ಸೇವೆಯಲ್ಲಿ ಕಿರಿಯರು ಮೊದಲು, ಹಿರಿಯರು ಆಮೇಲೆ, ನೀವು ಎಲ್ಲರಿಗಿಂತ ಕೊನೆಗೆ. ಹಿರಿಯರು ಮೊದಲು ಮಾತಾಡಿದರೆ ಕಿರಿಯರು ಹೂಂಗುಟ್ಟುತ್ತಾರೆ, ನಮ್ಮ ಕಡೆ ಅದು ಮರ್ಯಾದೆ. ಆ ಮರ್ಯಾದೆಯನ್ನು ಟೀಕಿಸುತ್ತ ಕೂರುವ ಬದಲು ಸರದಿ ತಿರುಗಿಸಿ. ಅತಿಥಿ ಶಿಕ್ಷಕರನ್ನು ಸಭೆಯಲ್ಲಿ ಒತ್ತಾಯಿಸಬೇಡಿ. ಮುಂದಿನ ಜೂನ್‌ನಲ್ಲಿ ಅವರನ್ನು ಮತ್ತೆ ತೆಗೆದುಕೊಳ್ಳುವ ಮಾತು ನಿಮ್ಮ ಹತ್ತಿರವೇ ಬರುತ್ತದೆ. ಅಂಥವರು ‘ಮೇಡಂ, ಇದು ಸರಿಯಿಲ್ಲ’ ಎಂದು ಎಲ್ಲರ ಎದುರು ಹೇಳಲಿ ಎಂದು ಬಯಸುವುದು ಅನ್ಯಾಯ. ಅವರನ್ನು ಬೇರೆಯಾಗಿ, ಪಾಠದ ವಿಷಯವಾಗಿ ಕೇಳಿ. ಸಿ.ಎಲ್. ಮಂಜೂರು ಮಾಡುವ ಕೈಯೂ ನಿಮ್ಮದೇ ಎನ್ನುವುದನ್ನು ಕಾಯಂ ಶಿಕ್ಷಕರೂ ಮರೆತಿರುವುದಿಲ್ಲ. ಸಭೆಯಲ್ಲಿ ಖಡಾಖಂಡಿತವಾಗಿ ಎದುರು ಮಾತಾಡಿದವರ ರಜೆ ಅರ್ಜಿಗೆ ಮರುದಿನ ಸಲೀಸಾಗಿ ಸಹಿ ಹಾಕಿ. ಇದನ್ನು ಎಲ್ಲರೂ ಗಮನಿಸುತ್ತಾರೆ, ಯಾರೂ ಹೇಳುವುದಿಲ್ಲ.

ನಡಾವಳಿಯಲ್ಲಿ ಒಪ್ಪದವರ ಹೆಸರನ್ನೂ ಕಾರಣವನ್ನೂ ಅವರಿಗೆ ಒಪ್ಪಿಗೆ ಇದ್ದರೆ ಬರೆಯಿರಿ. ಪ್ರತಿ ತೀರ್ಮಾನದ ಮುಂದೆ ಯಾರು, ಯಾವ ದಿನದೊಳಗೆ ಎಂದು ಬರೆಯಿರಿ. ಮುಂದಿನ ಸಭೆ ಆ ಪುಟ ಓದುವುದರಿಂದಲೇ ಶುರುವಾಗಲಿ. ಐದಾರು ಜನರ ಶಾಲೆಯಲ್ಲಿ ಕೈಯೆತ್ತಿಸಿ ಮತ ಎಣಿಸುವುದು ನನಗೆ ಇಷ್ಟವಿಲ್ಲದ ಪದ್ಧತಿ. ಮೂರು-ಎರಡರಲ್ಲಿ ಗೆದ್ದ ತೀರ್ಮಾನವನ್ನು ಆ ಇಬ್ಬರು ವರ್ಷವಿಡೀ ಸೋಲಿಸುತ್ತಾರೆ. ‘ಇದನ್ನು ಮಾಡಲೇಬಾರದು ಅನ್ನುವಷ್ಟು ತಕರಾರು ಯಾರಿಗಾದರೂ ಇದೆಯೇ?’ ಎಂದು ಕೇಳಿ. ಇದ್ದರೆ ಅದೇನೆಂದು ಪೂರ್ತಿ ಕೇಳಿ. ಇಲ್ಲದಿದ್ದರೆ ಒಂದು ತಿಂಗಳು ಮಾಡಿ ನೋಡೋಣ ಎಂದು ಏಳಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು, ಯಾಕೆಂದರೆ ಪ್ರಜಾಸತ್ತೆ ಎಂದರೆ ಬಹುಮತ ಎಂದೇ ಬಹಳ ಜನ ತಿಳಿದಿದ್ದಾರೆ. ಬಿಸಿಯೂಟಕ್ಕೆ ಪರಿಶಿಷ್ಟ ಜಾತಿಯ ಅಡುಗೆಯವರು ಬೇಡ ಎಂದು ಪೋಷಕರಲ್ಲಿ ಹತ್ತಕ್ಕೆ ಒಂಬತ್ತು ಜನ ಬಂದು ಹೇಳಿದರು ಅನ್ನಿ. ಅದು ಅಜೆಂಡಾದಲ್ಲಿ ಬರುವ ವಿಷಯವೇ ಅಲ್ಲ. ಸಂವಿಧಾನದ 17ನೇ ವಿಧಿ ಅದನ್ನು ಯಾವ ಸಭೆಯ ಕೈಗೂ ಕೊಟ್ಟಿಲ್ಲ. ಎಸ್ಟೇಟ್ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂರಿಸಿ ಎಂದರೂ ಅದೇ ಉತ್ತರ. ಕಲಿಕೆಯಲ್ಲಿ ಹಿಂದಿರುವ ಮಗುವಿಗೆ ಟಿ.ಸಿ. ಕೊಟ್ಟು ಕಳಿಸೋಣ ಎಂದು ಇಡೀ ಸ್ಟಾಫ್ ಒಕ್ಕೊರಲಿನಿಂದ ಹೇಳಿದರೂ ಆಗದು; ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ದೈಹಿಕ ಶಿಕ್ಷೆಯೂ ಇಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇಂಥ ಕಡೆ ನೀವು ಹಿಂದಿನ ಸಾರ್‌ಗಿಂತ ಕಟ್ಟುನಿಟ್ಟಾಗಿರಿ. ಹಿಡಿಯುವುದೆಲ್ಲಿ ಎಂದು ಕೇಳಿದಿರಲ್ಲ, ಇಲ್ಲಿ ಬಿಗಿಯಾಗಿ ಹಿಡಿಯಿರಿ. ದುರ್ಬಲರು ಸಭೆಯಲ್ಲಿ ಯಾವಾಗಲೂ ಅಲ್ಪಮತವೇ.

ನಮ್ಮ ಜನಕ್ಕೆ ಒಗ್ಗುತ್ತದೆಯೇ ಎಂಬ ಪ್ರಶ್ನೆಯನ್ನು ಪಟ್ನಾದ ಮನಶ್ಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ ಅವರು ಬಹಳ ಗಂಭೀರವಾಗಿ ಎತ್ತಿಕೊಂಡವರು. ನಮ್ಮಲ್ಲಿ ಕೈಕೆಳಗಿನವರು ಮೇಲಿನವರಿಂದ ವಾತ್ಸಲ್ಯವನ್ನೂ ಮಾರ್ಗದರ್ಶನವನ್ನೂ ಬಯಸುತ್ತಾರೆ. ಬಂದ ದಿನವೇ ‘ನಾವೆಲ್ಲ ಸಮಾನರು, ನೀವೇ ಹೇಳಿ’ ಎಂದರೆ ಅವರಿಗೆ ಅದು ದುರ್ಬಲತೆಯಂತೆ ಕಾಣುತ್ತದೆ. ಆದ್ದರಿಂದ ಕೆಲಸ ಖಚಿತವಾಗಿ ಹೇಳಿ, ಕಷ್ಟಸುಖ ವಿಚಾರಿಸಿ, ಅವರು ಪಳಗಿದಂತೆ ತೀರ್ಮಾನವನ್ನು ಅವರ ಕೈಗೆ ದಾಟಿಸುತ್ತ ಹೋಗಬೇಕು ಎನ್ನುವುದು ಸಿನ್ಹಾ ಅವರ ವಾದ. ಬಹುಮಟ್ಟಿಗೆ ಒಪ್ಪುತ್ತೇನೆ. ನನ್ನ ತಕರಾರು ಒಂದೇ: ‘ಇನ್ನೂ ಪಳಗಿಲ್ಲ’ ಎನ್ನುವ ಕಾರಣ ಮುಖ್ಯಸ್ಥರಿಗೆ ನಿವೃತ್ತಿ ತನಕ ಸಿಗುತ್ತಲೇ ಇರುತ್ತದೆ.

ಇದು ನಮ್ಮ ದೇಶದ ರೋಗವೆಂದೂ ತಿಳಿಯಬೇಡಿ. ಅಮೆರಿಕದ ವರ್ಜೀನಿಯಾದಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಲ್ಲಿ ಹೊಲಿಯುವ ಪದ್ಧತಿ ಬದಲಿಸಬೇಕಾಗಿ ಬಂದಾಗ ಕೆಲವು ಗುಂಪುಗಳನ್ನು ಕೂರಿಸಿಕೊಂಡು ಚರ್ಚಿಸಿದರು, ಒಂದು ಗುಂಪಿಗೆ ಬರೀ ಹೇಳಿ ಕಳಿಸಿದರು. 1948ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಚರ್ಚಿಸಿದವರ ಉತ್ಪಾದನೆ ಹಿಂದಿಗಿಂತ ಮೇಲೇರಿತು, ಹೇಳಿಸಿಕೊಂಡವರಲ್ಲಿ ಕೆಲವರು ಕೆಲಸವನ್ನೇ ಬಿಟ್ಟರು. ಆಮೇಲೆ ನಾರ್ವೆಯ ಒಂದು ಪಾದರಕ್ಷೆ ಕಾರ್ಖಾನೆಯಲ್ಲಿ ಇದನ್ನೇ ಮಾಡಿ ನೋಡಿದರೆ ಉತ್ಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನಾರ್ವೆಯವರಿಗೆ ಪ್ರಜಾಪ್ರಭುತ್ವ ಗೊತ್ತಿಲ್ಲವೇ? ಅಲ್ಲಿ ಕಾರ್ಮಿಕರಿಗೆ ಬಿಟ್ಟುಕೊಟ್ಟ ತೀರ್ಮಾನಗಳು ಸಣ್ಣವು, ಜೊತೆಗೆ ಇಂಥದ್ದೆಲ್ಲ ನಮ್ಮ ಸಂಘದ ಮೂಲಕ ಬರಬೇಕು ಎಂಬ ಭಾವನೆ ಬೇರೆ. ಪುಡಿಗಾಸಿನ ಅಧಿಕಾರ ಕೊಟ್ಟರೆ ಓಸ್ಲೋ ಆದರೇನು, ಆಲೂರು ಆದರೇನು, ಜನ ಆಕಳಿಸುತ್ತಾರೆ.

ಎಸ್‌ಡಿಎಂಸಿ ವಿಷಯಕ್ಕೆ ಬರೋಣ. ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರ ಸರ್ಕಾರಿ ಆದೇಶದಿಂದ ನಮ್ಮ ರಾಜ್ಯದಲ್ಲಿ ಈ ಸಮಿತಿಗಳು ಬಂದವು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಇದಕ್ಕೆ ದೇಶದ ಕಾನೂನಿನ ಬಲ ಕೊಟ್ಟಿತು: ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅನುಪಾತದಂತೆ ಸ್ಥಾನ ಇರಬೇಕು. ಶಾಲಾ ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಹೇಗೆ ಖರ್ಚಾಗುತ್ತದೆಂದು ನೋಡುವುದು ಅವರ ಕೆಲಸ. ಕಾಗದದ ಮೇಲೆ ಪೋಷಕರಿಗೆ ಇರುವ ಅಧಿಕಾರ ಸಣ್ಣದಲ್ಲ.

ಆದರೆ ನೀವು ಸಭೆ ಕರೆಯುವುದು ಎಷ್ಟು ಗಂಟೆಗೆ? ಬೆಳಿಗ್ಗೆ 11ಕ್ಕೆ, ಕೆಲಸದ ದಿನ. ನಿಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವವರು ಎಂದುಕೊಳ್ಳುತ್ತೇನೆ. ನವೆಂಬರ್‌ನಿಂದ ಫೆಬ್ರವರಿ ತನಕ, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕೊಯ್ಲು. ಆಗ ಕೂಲಿ ಕುಯ್ದ ಹಣ್ಣಿನ ತೂಕದ ಮೇಲೆ. ಬೆಳಿಗ್ಗೆ ಎರಡು ಗಂಟೆ ಕಾಲ ಶಾಲೆಯಲ್ಲಿ ಕೂತ ತಾಯಿ ಆ ದಿನದ ಚೀಲ ಕಳೆದುಕೊಳ್ಳುತ್ತಾಳೆ. ಬಂದು ಕೂತರೂ ಅವಳು ಕೇಳುವುದೇನು? ‘ಅನುದಾನ ಬಂದಿದೆ, ಖರ್ಚಾಗಿದೆ, ಇಲ್ಲಿ ಸಹಿ ಹಾಕಿ.’ ಕೊಯ್ಲಿನ ತಿಂಗಳುಗಳಲ್ಲಿ ಸಭೆಯನ್ನು ತೋಟಕ್ಕೆ ರಜೆಯಿರುವ ಸಂತೆ ದಿನ ಇಟ್ಟುಕೊಳ್ಳಿ, ಸಂತೆಗೆ ಹೋಗುವ ಮೊದಲು ಅರ್ಧ ಗಂಟೆ ಸಾಕು. ಒಮ್ಮೆಯಾದರೂ ಲೈನ್ ಮನೆಗಳ ಅಂಗಳದಲ್ಲೇ ಸಭೆ ಮಾಡಿ. ಮುಖ್ಯವಾಗಿ, ಖರ್ಚಿಗೆ ಮೊದಲು ಕೇಳಿ: ಇಷ್ಟು ದುಡ್ಡಿದೆ, ಶೌಚಾಲಯದ ಬಾಗಿಲು ಮುರಿದಿದೆ, ನೀರಿನ ಟ್ಯಾಂಕ್ ಸೋರುತ್ತಿದೆ, ಎರಡೂ ಆಗುವುದಿಲ್ಲ, ಯಾವುದು ಮೊದಲು? ಆರನೇ ಕ್ಲಾಸಿನ ಹೆಣ್ಣುಮಗಳ ತಾಯಿ ಅಲ್ಲಿದ್ದರೆ ಉತ್ತರ ತಕ್ಷಣ ಬರುತ್ತದೆ. ಅಧ್ಯಕ್ಷರು ಊರಿನ ಪ್ರಭಾವಿಗಳ ಕಡೆಯವರೇ ಆಗಿರುವುದು ಸಾಮಾನ್ಯ. ಅದನ್ನು ಒಂದೇ ಸಲಕ್ಕೆ ಬದಲಿಸಲು ಹೊರಟರೆ ನೀವು ವರ್ಗಾವಣೆಯಾಗಿ ಹೋಗುತ್ತೀರಿ. ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ, ಅಷ್ಟು ಮಾಡಿದರೆ ಯಾರೂ ತಪ್ಪು ಹುಡುಕಲಾರರು.

ಮಕ್ಕಳ ಶಾಲಾ ಸಂಸತ್ತಿನ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಜೂನ್-ಜುಲೈನಲ್ಲಿ ಚುನಾವಣೆಯ ಸಂಭ್ರಮ ನೋಡಬೇಕು! ನಾಮಪತ್ರ, ಚಿಹ್ನೆ, ಬೆರಳಿಗೆ ಶಾಯಿ, ಈಚೆಗೆ ಮೊಬೈಲಿನಲ್ಲೇ ಮತಯಂತ್ರ. ಪ್ರಮಾಣವಚನದ ಫೋಟೋ ವಾಟ್ಸ್‌ಆಪ್ ಗ್ರೂಪಿಗೆ ಹೋಗುತ್ತದೆ. ಮರುದಿನದಿಂದ ಸ್ವಚ್ಛತಾ ಮಂತ್ರಿಗೆ ಪೊರಕೆ, ಆರೋಗ್ಯ ಮಂತ್ರಿಗೆ ಉಗುರು ನೋಡುವ ಕೆಲಸ, ಪ್ರಧಾನ ಮಂತ್ರಿಗೆ ಗಲಾಟೆ ಮಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ. ಮಕ್ಕಳು ಇಲ್ಲಿ ಕಲಿಯುವುದು ಗೆದ್ದವರು ಉಳಿದವರ ಮೇಲೆ ಪೊಲೀಸಾಗಬಹುದು ಎನ್ನುವುದನ್ನು. ಆ ಹೆಸರು ಬರೆಸುವ ಪದ್ಧತಿಯನ್ನು ನಾಳೆಯೇ ನಿಲ್ಲಿಸಿ ಎನ್ನುತ್ತೇನೆ.

ಪೋಲೆಂಡಿನ ವಾರ್ಸಾದಲ್ಲಿ ಯಾನುಷ್ ಕೊರ್ಚಾಕ್ ಎಂಬ ವೈದ್ಯ 1912ರಿಂದ ಒಂದು ಅನಾಥಾಲಯ ನಡೆಸಿದ. ಅಲ್ಲಿ ಮಕ್ಕಳದ್ದೇ ನ್ಯಾಯಾಲಯವಿತ್ತು, ನ್ಯಾಯಾಧೀಶರೂ ಮಕ್ಕಳೇ. ಆದರೆ ಅದರ ನಿಯಮಾವಳಿಯ ಮೊದಲ 99 ಕಲಂಗಳೂ ಒಂದಲ್ಲ ಒಂದು ಬಗೆಯಲ್ಲಿ ಕ್ಷಮಿಸುವಂಥವು. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು, ಕೊರ್ಚಾಕ್ ತಾನೇ ಹಲವು ಸಲ ಆ ಮಕ್ಕಳ ಮುಂದೆ ವಿಚಾರಣೆಗೆ ನಿಂತ. ಅಷ್ಟು ದೂರ ಹೋಗಿ ಎಂದು ನಾನು ಹೇಳುವುದಿಲ್ಲ, ನಮ್ಮ ಶಾಲೆಗಳಲ್ಲಿ ಅದು ನಾಟಕವಾದೀತು. ಆದರೆ ಶಿಕ್ಷಿಸುವ ಅಧಿಕಾರಕ್ಕೆ ಮೊದಲು ಕೇಳುವ ಅಧಿಕಾರ ಕೊಡಬೇಕು ಎಂಬುದನ್ನು ಆತನಿಂದ ಕಲಿಯಬಹುದು.

ಮೂಡಿಗೆರೆ ಕಡೆಯ ಒಂದು ಶಾಲೆಯಲ್ಲಿ ನಡೆದದ್ದು ಹೇಳುತ್ತೇನೆ. ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಸ್ಟಾಫ್ ರೂಮಿನ ಮೊಳೆಗೆ ನೇತುಹಾಕಿರುತ್ತಿತ್ತು. ಗಂಡು ಮೇಷ್ಟ್ರುಗಳು ಕೂತ ಕೋಣೆಗೆ ಹೋಗಿ ಕೈ ಚಾಚಲು ನಾಚಿ ಏಳನೇ ಕ್ಲಾಸಿನ ಹುಡುಗಿಯರು ಸಂಜೆ ತನಕ ತಡೆದುಕೊಳ್ಳುತ್ತಿದ್ದರು. ಸಂಸತ್ತಿನ ಸಭೆಯಲ್ಲಿ ಒಬ್ಬಳು ‘ಮಿಸ್, ಕೀ ನಮ್ಮ ಹತ್ರ ಇರ್ಲಿ’ ಎಂದಳು. ಗಲೀಜು ಮಾಡುತ್ತಾರೆ, ಹೊರಗಿನವರು ನುಗ್ಗುತ್ತಾರೆ ಎಂದು ಶಿಕ್ಷಕರ ಆಕ್ಷೇಪ. ಒಂದು ತಿಂಗಳು ನೋಡೋಣ ಎಂದು ಮುಖ್ಯ ಶಿಕ್ಷಕರು ಒಪ್ಪಿದರು. ಹುಡುಗಿಯರು ಬೀಗದ ಕೈಯನ್ನು ತಮ್ಮ ಕ್ಲಾಸಿನ ಕಿಟಕಿಗೆ ಕಟ್ಟಿದರು, ದಿನಕ್ಕೊಬ್ಬರಂತೆ ಪಾಳಿ ಮಾಡಿಕೊಂಡರು, ಆಮೇಲೆ ಒಂದು ಮಗ್ಗು ಮತ್ತು ಮುಚ್ಚಳವಿರುವ ಒಂದು ಬಕೆಟ್ ಬೇಕೆಂದು ಅರ್ಜಿ ಬರೆದರು. ಬೀಗದ ಕೈ ವಾಪಸ್ ಮೊಳೆಗೆ ಹೋಗಲಿಲ್ಲ. ಮತಯಂತ್ರ, ಶಾಯಿ ಯಾವುದೂ ಇಲ್ಲದೆ ನಡೆದ ಪ್ರಜಾಸತ್ತೆ ಇದು.

ಆದ್ದರಿಂದ ಮಕ್ಕಳಿಗೆ ಅವರ ದಿನಕ್ಕೆ ತಟ್ಟುವ ವಿಷಯಗಳನ್ನು ಬಿಡಿ: ಆಟದ ಸಾಮಾನು ಯಾರಿಗೆ ಯಾವಾಗ, ಗ್ರಂಥಾಲಯದ ಪುಸ್ತಕ ಮನೆಗೆ ಎಷ್ಟು ದಿನ, ಮಳೆಗಾಲದಲ್ಲಿ ಊಟಕ್ಕೆ ಎಲ್ಲಿ ಕೂರುವುದು. ಶಾಲೆಯ ಕೈಮೀರಿದ್ದನ್ನು, ಬಸ್ ನಿಲ್ಲಿಸದಿರುವುದು, ದಾರಿಯ ಕಾಲುಸಂಕ ಮುರಿದಿರುವುದು, ಆನೆ ಓಡಾಡುವ ದಾರಿ, ಇಂಥವನ್ನು ಮಕ್ಕಳ ಗ್ರಾಮಸಭೆಗೆ ಬರೆಸಿ. ನಮ್ಮ ರಾಜ್ಯದಲ್ಲಿ 2006ರಿಂದಲೂ ಗ್ರಾಮ ಪಂಚಾಯಿತಿಗಳು ಅದನ್ನು ನಡೆಸಬೇಕೆಂದಿದೆ. ಪ್ರಶ್ನೆಗಳನ್ನು ಶಿಕ್ಷಕರು ಬರೆದುಕೊಟ್ಟು ಬಾಯಿಪಾಠ ಮಾಡಿಸದಿದ್ದರೆ ಅಷ್ಟೇ ದೊಡ್ಡ ಉಪಕಾರ. ತಮಗೆ ಸಂಬಂಧಪಟ್ಟದ್ದರಲ್ಲಿ ಮಕ್ಕಳ ಮಾತು ಕೇಳಬೇಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ, ಭಾರತ ಅದಕ್ಕೆ 1992ರಲ್ಲೇ ಸೇರಿದೆ. ವಯಸ್ಸು, ತಿಳಿವಳಿಕೆಗೆ ತಕ್ಕ ತೂಕ ಕೊಡಬೇಕು ಎಂದೂ ಅದರಲ್ಲೇ ಇದೆ. ಮಕ್ಕಳು ಹೇಳಿದ್ದೆಲ್ಲ ಆಗಬೇಕೆಂದೇನಿಲ್ಲ, ಆಗದ್ದು ಯಾಕೆ ಆಗಲಿಲ್ಲ ಎಂದು ಅವರಿಗೂ ಹೇಳಬೇಕು.

ಕೊನೆಗೆ ಯಜಮಾನರ ಡೇರಿ. ಸಹಕಾರ ಸಂಘ ಶಾಲೆಯಂತಲ್ಲ, ಅಲ್ಲಿ ಸದಸ್ಯರೇ ಮಾಲೀಕರು. ಐದು ಲೀಟರ್ ಹಾಕುವವರಿಗೂ ಐವತ್ತು ಲೀಟರ್ ಹಾಕುವವರಿಗೂ ಒಂದೇ ಮತ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೇಳಲಾಗುವ ಸಂಘ 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಹುಟ್ಟಿದ ನಾಡು ನಮ್ಮದು. ನಮ್ಮ ಬೆಟ್ಟದ ಕಾಫಿಯನ್ನೇ ಕುಡಿಸುತ್ತಿದ್ದ ಕಾಫಿ ಮಂಡಳಿಯ ಕಾಫಿ ಹೌಸುಗಳನ್ನು ಮುಚ್ಚಿದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದಾಳತ್ವದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು, ಅದರ ಮೊದಲನೆಯದು 1957ರಲ್ಲಿ ಬೆಂಗಳೂರಿನದು. ಅಲ್ಲಿ ಆಡಳಿತ ಮಂಡಳಿಯನ್ನು ಆರಿಸುವವರೂ ಕೆಲಸಗಾರರೇ, ಡ್ಯೂಟಿಯ ಹೊತ್ತಿನಲ್ಲಿ ಮ್ಯಾನೇಜರ್ ಮಾತು ಕೇಳುವವರೂ ಅವರೇ. ಎರಡಕ್ಕೂ ವಿರೋಧವಿಲ್ಲ.

ಹಾಗಿದ್ದೂ ಸಂಘಗಳು ಯಾಕೆ ನಾಲ್ಕೈದು ಜನರ ಕೈಗೆ ಹೋಗುತ್ತವೆ? ಜರ್ಮನಿಯ ಸಮಾಜವಾದಿ ಪಕ್ಷವನ್ನು ಒಳಗಿನಿಂದ ಕಂಡಿದ್ದ ರಾಬರ್ಟ್ ಮಿಷೆಲ್ಸ್ 1911ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ: ಲೆಕ್ಕ, ನಿಯಮ, ಕಾಗದಪತ್ರ ಗೊತ್ತಿರುವವರು ಕೆಲವರೇ, ಉಳಿದವರು ಅವರನ್ನೇ ನಂಬಿ ಸುಮ್ಮನಾಗುತ್ತಾರೆ, ಕುರ್ಚಿ ಕಾಯಂ ಆಗುತ್ತದೆ. ನಿಮ್ಮ ಡೇರಿಯಲ್ಲಿ ಆ ಕಾಗದಪತ್ರ ಸೆಕ್ರೆಟರಿಯ ಕೈಯಲ್ಲಿರುತ್ತದೆ. ಸೆಪ್ಟೆಂಬರಿನ ಮಹಾಸಭೆಯಲ್ಲಿ ಜಮಾ-ಖರ್ಚನ್ನು ಓದುವ ವೇಗಕ್ಕೆ ಯಾರಿಗೂ ಏನೂ ತಿಳಿಯುವುದಿಲ್ಲ, ಎಲ್ಲರ ಗಮನ ಊಟದ ಕಡೆ. ಆದರೆ ಅದೇ ಜನ ಬೆಳಿಗ್ಗೆ ಆರಕ್ಕೆ ಡೇರಿ ಮುಂದೆ ಫ್ಯಾಟ್ ಕಮ್ಮಿ ಬಂತು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಕಮ್ಮಿ ಬಂತು ಎಂದು ಎಷ್ಟು ಜೋರಾಗಿ ಕೇಳುತ್ತಾರೆ ನೋಡಿ. ಕೇಳುವ ಶಕ್ತಿ ಇದ್ದೇ ಇದೆ, ಗೊತ್ತಿರುವ ವಿಷಯ ಕೊಡಬೇಕಷ್ಟೆ. ಜಮಾ-ಖರ್ಚನ್ನು ಮಹಾಸಭೆಗೆ ಒಂದು ವಾರ ಮೊದಲೇ ಒಂದು ಪುಟಕ್ಕೆ ಇಳಿಸಿ, ಹಾಲು ಹಾಕುವ ಕಿಟಕಿಯ ಪಕ್ಕ ಅಂಟಿಸಲು ಯಜಮಾನರಿಗೆ ಹೇಳಿ: ಒಕ್ಕೂಟದಿಂದ ಲೀಟರಿಗೆ ಬಂದದ್ದೆಷ್ಟು, ಸದಸ್ಯರಿಗೆ ಕೊಟ್ಟದ್ದೆಷ್ಟು, ನಡುವಿನದು ಯಾವುದಕ್ಕೆ ಹೋಯಿತು. ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತವರು ಓದುತ್ತಾರೆ, ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಮಹಾಸಭೆಯ ದಿನ ಪ್ರಶ್ನೆಗಳು ಬಂದೇ ಬರುತ್ತವೆ. ವೋಚರ್ ಫೈಲುಗಳ ಸಮೇತ ಸೆಕ್ರೆಟರಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿಕೊಂಡಿರಲಿ.